ಸೂರ್ಯನ ಮಂಜಿನಾಚೆ ಕಂಡ ಹೈಡ್ರೋಜನ್ ಬೆಳಕು

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಪ್ಲೂಟೊ ದಾಟಿ ಹೋದ ನ್ಯೂ ಹೊರೈಜನ್ಸ್ ನೌಕೆ ಅತಿನೇರಳೆ ಬೆಳಕಿನಲ್ಲಿ ಹೈಡ್ರೋಜನ್ ಹೊಳಪಿನ ಆಕಾಶ ನಕ್ಷೆ ಮಾಡಿತು ಎಂದು ಓದಿದೆ. ಭೂಮಿಯ ಹತ್ತಿರವೇ ಹಬಲ್‌ನಂಥ ದೊಡ್ಡ ದೂರದರ್ಶಕ ಇರುವಾಗ ಅಷ್ಟು ದೂರದ ಪುಟ್ಟ ಉಪಕರಣವೇ ಯಾಕೆ ಬೇಕಾಯಿತು? ನಕ್ಷೆಯಲ್ಲಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಸಮನೆ ಬೆಳಕು ಕಂಡಿತಂತೆ. ಹಾಗಿದ್ದರೆ ಅದರಿಂದ ತಿಳಿದದ್ದೇನು?

ಉತ್ತರ: ನಿಮ್ಮ ಎರಡನೇ ಪ್ರಶ್ನೆ ಓದಿದಾಗ ನನಗೆ ಬಹಳ ಸಂತೋಷವಾಯಿತು. ಆ ನಕ್ಷೆಯ ಜೀವ ಇರುವುದೇ ಅಲ್ಲಿ. ಒಂದೇ ಸಮನೆ ಇದೆ ಎನ್ನುವುದೇ ಅದರ ಸುದ್ದಿ. ಯಾಕೆ ಎಂದು ಹೇಳುವ ಮೊದಲು ನಿಮ್ಮ ಕಾಲೇಜಿನ ಕತ್ತಲೆ ಕೋಣೆಗೆ ಒಮ್ಮೆ ಹೋಗಿ ಬರೋಣ.

ಹೈಡ್ರೋಜನ್ ಡಿಸ್ಚಾರ್ಜ್ ಟ್ಯೂಬಿನ ಪ್ರಯೋಗ ನೀವು ಮಾಡಿಯೇ ಇರುತ್ತೀರಿ. ಸ್ವಿಚ್ ಒತ್ತಿದ ಕೂಡಲೇ ಆ ಸಣ್ಣ ಗಾಜಿನ ನಳಿಗೆಯಲ್ಲಿ ತೆಳು ಗುಲಾಬಿ ಬೆಳಕು ಏಳುತ್ತದೆ. ಸ್ಪೆಕ್ಟ್ರೋಮೀಟರಿಗೆ ಕಣ್ಣಿಟ್ಟರೆ ಗುಲಾಬಿ ಮಾಯವಾಗಿ, ಕಡುಗೆಂಪು ಗೆರೆಯೊಂದು, ಹಸಿರು ಬೆರೆತ ನೀಲಿ ಗೆರೆಯೊಂದು, ಮಬ್ಬಾದ ನೇರಳೆ ಗೆರೆಯೊಂದು. ವರ್ನಿಯರ್ ಓದಿ, ತರಂಗದೂರ ಲೆಕ್ಕ ಹಾಕಿ, ರಿಡ್‌ಬರ್ಗ್ ಸ್ಥಿರಾಂಕ ಬರೆದು ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡಿರುತ್ತೀರಿ. ಮೂವತ್ತು ವರ್ಷ ಇದೇ ಪ್ರಯೋಗವನ್ನು ಮಕ್ಕಳಿಗೆ ಮಾಡಿಸಿದವನು ನಾನು. ಪ್ರತಿ ಬ್ಯಾಚಿಗೂ ಒಂದು ಮಾತು ಹೇಳುತ್ತಿದ್ದೆ: ಈ ನಳಿಗೆ ಉಗುಳುತ್ತಿರುವ ಬೆಳಕಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಿಮಗೆ ಕಾಣುತ್ತಿಲ್ಲ. ಅದು ಗಾಜನ್ನು ದಾಟಿ ಆಚೆ ಬರಲಾರದು.

ಆ ಕಾಣದ ಗೆರೆಯ ಹೆಸರು ಲೈಮನ್-ಆಲ್ಫಾ. ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ಎರಡನೇ ಮೆಟ್ಟಿಲಿನಿಂದ ಒಂದನೇ ಮೆಟ್ಟಿಲಿಗೆ ಇಳಿದಾಗ ಹೊರಡುವ ಬೆಳಕು ಅದು. ತರಂಗದೂರ 121.6 ನ್ಯಾನೋಮೀಟರ್, ಶಕ್ತಿ 10.2 ಎಲೆಕ್ಟ್ರಾನ್ ವೋಲ್ಟ್. ಅಮೆರಿಕದ ಥಿಯೋಡರ್ ಲೈಮನ್ 1906ರಲ್ಲಿ ಈ ಸರಣಿಯನ್ನು ಹಿಡಿದದ್ದು ಗಾಳಿ ತೆಗೆದ ರೋಹಿತದರ್ಶಕದೊಳಗೆ. ಗಾಳಿ ಇದ್ದರೆ ಆಮ್ಲಜನಕವೇ ಅದನ್ನು ನುಂಗಿಬಿಡುತ್ತದೆ. ವಿಶ್ವದ ಸಾಮಾನ್ಯ ದ್ರವ್ಯದಲ್ಲಿ ತೂಕದ ಲೆಕ್ಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್ನೇ. ಅದರ ಅತಿ ಸಹಜವಾದ, ಅತಿ ಪ್ರಬಲವಾದ ಗೆರೆ ಇದು. ಬ್ರಹ್ಮಾಂಡಕ್ಕೆ ಒಂದು ಸ್ವಂತ ಬಣ್ಣ ಇದೆ ಎನ್ನುವುದಾದರೆ ನಾನು ಇದನ್ನೇ ತೋರಿಸುತ್ತೇನೆ.

ಕಣ್ಣಿಗೆ ಕಾಣದಿದ್ದರೂ ಇದರ ಕೆಲಸವನ್ನು ನಿಮ್ಮ ಅಜ್ಜ ಅಜ್ಜಿ ಕಿವಿಯಲ್ಲಿ ಕೇಳಿದ್ದಾರೆ. ನಾನು ಚಿಕ್ಕವನಿದ್ದಾಗ ಚಿತ್ರದುರ್ಗದ ನಮ್ಮ ಮನೆಯ ರೇಡಿಯೋದಲ್ಲಿ ಹಗಲು ಭದ್ರಾವತಿ ಕೇಂದ್ರ ಚೆನ್ನಾಗಿ ಬರುತ್ತಿತ್ತು. ಬಹಳ ದೂರದ ಮೀಡಿಯಂ ವೇವ್ ಸ್ಟೇಷನ್ನುಗಳು ಹಗಲು ಕೇಳಿಸುತ್ತಲೇ ಇರಲಿಲ್ಲ. ರಾತ್ರಿ ಊಟವಾದ ಮೇಲೆ ಮುಳ್ಳು ತಿರುಗಿಸಿದರೆ ಎಲ್ಲೆಲ್ಲಿಯದೋ ತಮಿಳು, ತೆಲುಗು, ಸಿಂಹಳ ಒಂದರ ಮೇಲೊಂದು ತೇಲಿ ಬರುತ್ತಿದ್ದವು. ಹಗಲಲ್ಲಿ ಸೂರ್ಯನ ಲೈಮನ್-ಆಲ್ಫಾ ಬೆಳಕು ನಮ್ಮ ತಲೆಯ ಮೇಲೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ಎತ್ತರದವರೆಗೆ ಇಳಿದು, ಅಲ್ಲಿನ ನೈಟ್ರಿಕ್ ಆಕ್ಸೈಡ್ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು, ರೇಡಿಯೋ ಅಲೆಗಳನ್ನು ಹೀರುವ ಒಂದು ಪದರ ಕಟ್ಟುತ್ತದೆ. ಸೂರ್ಯ ಮುಳುಗಿದರೆ ಆ ಪದರ ಬಹುಮಟ್ಟಿಗೆ ಕರಗುತ್ತದೆ, ದೂರದ ಊರುಗಳ ದನಿ ಮೇಲಿನ ಪದರಕ್ಕೆ ತಾಗಿ ನಮ್ಮ ಮನೆಗೆ ಬರುತ್ತದೆ. ಇದು ಎಂಎಸ್ಸಿಯಲ್ಲಿ ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಹಬಲ್ ಪ್ರಶ್ನೆ.

ಡಿಸೆಂಬರ್ ತಿಂಗಳಲ್ಲಿ ಬೆಳಗಿನ ಜಾವದ ಮೊದಲ ಬಸ್ಸಿಗೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಎಷ್ಟೋ ಸಲ ಹೋಗಿದ್ದೇನೆ. ಆನಗೋಡು ದಾಟಿ ಭರಮಸಾಗರ ಬರುವಷ್ಟರಲ್ಲಿ ಕೆಲವು ದಿನ ಹೆದ್ದಾರಿಯ ಮೇಲೆ ದಟ್ಟ ಮಂಜು ಕವಿದಿರುತ್ತಿತ್ತು. ಒಂದು ದಿನ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಅವರು ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ, ಬೇರೇನೂ ಇಲ್ಲ. ಡಿಮ್ಮಿಗೆ ಇಳಿಸಿದರೆ ರಸ್ತೆಯಂಚಿನ ಬಿಳಿ ಗೆರೆ, ಆಮೇಲೆ ಎಲ್ಲೋ ಮುಂದೆ ಒಂದು ಚಹಾದಂಗಡಿಯ ಹಳದಿ ದೀಪ. ಆ ದೀಪ ಅಲ್ಲೇ ಇತ್ತು. ನಮ್ಮದೇ ಹೆಡ್‌ಲೈಟು ಮಂಜಿನ ಹನಿಗೆ ತಾಗಿ ನಮ್ಮ ಕಣ್ಣಿಗೇ ವಾಪಸು ಬರುತ್ತಿದ್ದುದರಿಂದ ಕಾಣುತ್ತಿರಲಿಲ್ಲ, ಅಷ್ಟೇ.

ಲೈಮನ್-ಆಲ್ಫಾದಲ್ಲಿ ನೋಡಿದರೆ ನಾವೆಲ್ಲ ಇರುವುದು ಅಂಥ ಮಂಜಿನಲ್ಲಿ. ಮಂಜು ಒಂದಲ್ಲ, ಎರಡು.

ಮೊದಲನೆಯದು ಭೂಮಿಯದೇ. ನಮ್ಮ ವಾತಾವರಣದ ತುತ್ತತುದಿಯಿಂದ ಹೈಡ್ರೋಜನ್ ಪರಮಾಣುಗಳು ಸದಾ ಸೋರುತ್ತಿರುತ್ತವೆ. ಅವು ಭೂಮಿಯ ಸುತ್ತ ಹರಡಿಕೊಂಡು ಸೂರ್ಯನ ಲೈಮನ್-ಆಲ್ಫಾವನ್ನು ಚದುರಿಸುತ್ತವೆ. ಇದಕ್ಕೆ ಜಿಯೋಕೊರೋನಾ, ಭೂಕಿರೀಟ ಎನ್ನುತ್ತಾರೆ. 1972ರ ಏಪ್ರಿಲ್‌ನಲ್ಲಿ ಅಪೋಲೊ 16ರ ಯಾತ್ರಿಗಳು ಜಾರ್ಜ್ ಕ್ಯಾರುದರ್ಸ್ ರೂಪಿಸಿದ ಅತಿನೇರಳೆ ಕ್ಯಾಮೆರಾವನ್ನು ಚಂದ್ರನ ನೆಲದ ಮೇಲಿಟ್ಟು ಇದರ ಚಿತ್ರ ತೆಗೆದರು. ಆಮೇಲೆ 2019ರಲ್ಲಿ, ಸೂರ್ಯನನ್ನು ಗಮನಿಸುವ ಸೋಹೊ ನೌಕೆಯ ಹಳೆಯ ದತ್ತಾಂಶ ತಿರುಗಿ ನೋಡಿದಾಗ ತಿಳಿದದ್ದು: ಈ ಕಿರೀಟ ಭೂಮಿಯಿಂದ 6 ಲಕ್ಷ 30 ಸಾವಿರ ಕಿಲೋಮೀಟರ್‌ವರೆಗೂ ಚಾಚಿದೆ. ಎಂದರೆ ಚಂದ್ರನೂ ಅದರೊಳಗೇ ಸುತ್ತುತ್ತಿದ್ದಾನೆ.

ಹಬಲ್ ಇರುವುದು ಭೂಮಿಯಿಂದ ಬರೀ ಐನೂರು ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲಿ. ಅಂದರೆ ಈ ಕಿರೀಟದ ಬುಡದಲ್ಲಿ. ಇಂಥ ಹರಡಿದ ಬೆಳಕನ್ನು ಅಳೆಯಲು ರೇಲೀ ಎಂಬ ಮಾನ ಬಳಸುತ್ತೇವೆ. ಹಬಲ್‌ನ ಸುತ್ತಲಿನ ಭೂಕಿರೀಟದ ಹೊಳಪು ರಾತ್ರಿಯ ಬದಿಯಲ್ಲಿ ಸುಮಾರು 2,000 ರೇಲೀ, ಹಗಲಿನ ಬದಿಯಲ್ಲಿ ಸುಮಾರು 20,000. ನಾವು ಹುಡುಕುತ್ತಿರುವ ನಕ್ಷತ್ರಲೋಕದ ಹಿನ್ನೆಲೆ ಬೆಳಕು 50 ರೇಲೀ ಆಸುಪಾಸಿನದು. ದೂರದರ್ಶಕದ ಕನ್ನಡಿ ಎಷ್ಟು ದೊಡ್ಡದಾದರೂ ಇಲ್ಲಿ ಉಪಯೋಗಕ್ಕೆ ಬಾರದು. ಕನ್ನಡಿ ದೊಡ್ಡದಾದಷ್ಟೂ ಮಂಜೂ ಅಷ್ಟೇ ಹೆಚ್ಚು ಒಳಗೆ ಬರುತ್ತದೆ. ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಅತಿನೇರಳೆ ದೂರದರ್ಶಕದ ಕಿಟಕಿ 130 ನ್ಯಾನೋಮೀಟರಿನಿಂದ ಮೇಲಕ್ಕೆ ತೆರೆಯುತ್ತದೆ. ಭೂಕಿರೀಟದ ಈ ಗೆರೆ ಒಳಗೆ ನುಗ್ಗಬಾರದೆಂದೇ ಹಾಗೆ ಕಟ್ಟಿದ್ದಾರೆ. ಬೇರೆ ಬೇರೆ ನಕ್ಷತ್ರ, ಗ್ಯಾಲಕ್ಸಿಗಳನ್ನು ನೋಡುವವರಿಗೆ ಲೈಮನ್-ಆಲ್ಫಾ ಎಂದರೆ ಬಾಗಿಲು ಹಾಕಿ ಹೊರಗಿಡಬೇಕಾದ ವಸ್ತು.

ಎರಡನೇ ಮಂಜು ಇನ್ನೂ ಕುತೂಹಲದ್ದು. ಅದು ಸೌರಮಂಡಲದೊಳಗೆಲ್ಲ ಇದೆ, ಆದರೆ ಸೌರಮಂಡಲದ್ದಲ್ಲ. ಸೂರ್ಯ ತನ್ನ ಪರಿವಾರ ಕಟ್ಟಿಕೊಂಡು ಒಂದು ವಿರಳ ಅಂತರತಾರಾ ಮೋಡದ ನಡುವೆ ಸೆಕೆಂಡಿಗೆ ಸುಮಾರು 26 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದಾನೆ. ಬೈಕಿನಲ್ಲಿ ಹೋಗುವಾಗ ಮುಖಕ್ಕೆ ಗಾಳಿ ಹೊಡೆದ ಹಾಗೆ ಆ ಮೋಡದ ಹೈಡ್ರೋಜನ್ ವೃಶ್ಚಿಕ ಮತ್ತು ಉರಗಧರ ರಾಶಿಗಳ ದಿಕ್ಕಿನಿಂದ ನಮ್ಮೊಳಗೆ ಹರಿದು ಬರುತ್ತದೆ. ವಿದ್ಯುದಂಶವಿಲ್ಲದ ಪರಮಾಣುಗಳಾದ್ದರಿಂದ ಸೌರಮಾರುತದ, ಎಂದರೆ ಸೂರ್ಯನಿಂದ ಸದಾ ಹೊರಬೀಸುವ ಕಣಗಳ ಗಾಳಿಯ, ಕಾಂತಕ್ಷೇತ್ರ ಅವನ್ನು ತಡೆಯಲಾರದು. 1970ರ ಸುಮಾರಿಗೆ ಓಜಿಒ-5 ಎಂಬ ಉಪಗ್ರಹ ಈ ಗಾಳಿಯನ್ನು ಲೈಮನ್-ಆಲ್ಫಾದಲ್ಲೇ ಗುರುತಿಸಿತು. ಸೂರ್ಯನ ಬೆಳಕು ಈ ಪರಮಾಣುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ. ಭೂಮಿಯ ಕಿರೀಟದಿಂದ ಹೊರಬಂದರೂ ಈ ಎರಡನೇ ಮಂಜಿನಿಂದ ತಪ್ಪಿಸಿಕೊಳ್ಳಲು ಒಂದೇ ದಾರಿ: ಸೂರ್ಯನಿಂದ ದೂರ, ಬಹಳ ದೂರ ಹೋಗಬೇಕು.

ಎಷ್ಟು ದೂರ ಎನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ, ನೀವು ಪಿಯುಸಿಯಲ್ಲೇ ಕಲಿತದ್ದು. ಸೂರ್ಯನ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ನೌಕೆಯಿಂದ ಹೊರಮುಖವಾಗಿ ನೋಡಿದಾಗ ಆ ನೋಟದ ಗೆರೆಯುದ್ದಕ್ಕೂ ಇರುವ ಪ್ರತಿ ಪರಮಾಣು ಚದುರಿಸಿದ ಬೆಳಕನ್ನೂ ಕೂಡಬೇಕು. ಒಂದರ ಕೆಳಗೆ ದೂರದ ವರ್ಗ ಇರುವುದನ್ನು ನೌಕೆಯ ಜಾಗದಿಂದ ಅನಂತದವರೆಗೆ ಸಂಕಲಿಸಿದರೆ ಉಳಿಯುವುದು ಒಂದರ ಕೆಳಗೆ ದೂರ. ಎಂದರೆ ನೌಕೆ ಎರಡರಷ್ಟು ದೂರ ಹೋದರೆ ಸೂರ್ಯನ ಮಂಜಿನ ಹೊಳಪು ಅರ್ಧ. ನಕ್ಷತ್ರಲೋಕದಿಂದ ಬರುವ ಪಾಲು ಮಾತ್ರ ನೌಕೆ ಎಲ್ಲಿದ್ದರೂ ಅಷ್ಟೇ ಇರುತ್ತದೆ.

ಲೆಕ್ಕ ತೋರಿಸಲು ನಾನೇ ಆರಿಸಿಕೊಂಡ ಅಂಕಿಗಳಿವು, ಅಳತೆಯವಲ್ಲ. ಸೂರ್ಯನಿಂದ 20 ಖಗೋಳಮಾನ ದೂರದಲ್ಲಿ (ಒಂದು ಖಗೋಳಮಾನ ಎಂದರೆ ಸೂರ್ಯನಿಂದ ಭೂಮಿಗಿರುವ ದೂರ) ಒಟ್ಟು ಹೊಳಪು 190 ಸಿಕ್ಕಿತು, 40ರಲ್ಲಿ 120 ಸಿಕ್ಕಿತು ಎನ್ನಿ. ವ್ಯತ್ಯಾಸ 70. ಇದು ಸೂರ್ಯನ ಪಾಲಿನ ಅರ್ಧ. ಹಾಗಾಗಿ 20ರಲ್ಲಿ ಸೂರ್ಯನ ಪಾಲು 140, 40ರಲ್ಲಿ 70, ಎರಡೂ ಕಡೆ ಮಿಕ್ಕದ್ದು 50. ಅದು ಸೂರ್ಯನದ್ದಲ್ಲ. ದೂರವನ್ನು 57ಕ್ಕೆ ಒಯ್ದು ನೋಡಿ: ಸೂರ್ಯನ ಪಾಲು 49ಕ್ಕೆ ಇಳಿಯುತ್ತದೆ. ಮಂಜೂ ಆಚೆಯ ದೀಪವೂ ಅಲ್ಲಿ ಸರಿಸಮ. ನಿಜವಾದ ನಕ್ಷೆ ತೆಗೆದ ಜಾಗದಲ್ಲೂ ಇವೆರಡು ಹೆಚ್ಚುಕಡಿಮೆ ಸಮವಾಗಿದ್ದವು ಎಂದು ಮಾದರಿಗಳು ಹೇಳುತ್ತವೆ.

ಇನ್ನು ಆ ನೌಕೆಯ ವಿಷಯ. ನ್ಯೂ ಹೊರೈಜನ್ಸ್ 2006ರ ಜನವರಿ 19ರಂದು ಹೊರಟಿತು, 2015ರ ಜುಲೈ 14ರಂದು ಪ್ಲೂಟೊ ಪಕ್ಕದಲ್ಲಿ ಹಾದಿತು, 2019ರ ಹೊಸ ವರ್ಷದ ದಿನ ಅರೊಕಾತ್ ಎಂಬ ಪುಟ್ಟ ಕಾಯವನ್ನು ದಾಟಿತು. ಇವೆಲ್ಲ ನಿಮಗೆ ಗೊತ್ತಿರುತ್ತದೆ. ಅದರಲ್ಲಿ ಆಲಿಸ್ ಎಂಬ ಅತಿನೇರಳೆ ರೋಹಿತಮಾಪಕ, ಎಂದರೆ ಬೆಳಕನ್ನು ತರಂಗದೂರಗಳಾಗಿ ಬಿಡಿಸಿ ಅಳೆಯುವ ಉಪಕರಣ, ಇದೆ. ತೂಕ ಸುಮಾರು ನಾಲ್ಕೂವರೆ ಕಿಲೋ, ವಿದ್ಯುತ್ ಬೇಕಾಗುವುದು ನಾಲ್ಕೂವರೆ ವ್ಯಾಟಿನಷ್ಟು. ದೇವರ ಮನೆಯಲ್ಲಿ ಇಡೀ ರಾತ್ರಿ ಉರಿಸುವ ಎಲ್‌ಇಡಿ ದೀಪದಷ್ಟು. ಇದನ್ನು ಮಾಡಿದ್ದು ಪ್ಲೂಟೊ ವಾತಾವರಣ ಅಳೆಯಲು. ಆ ಕೆಲಸ ಮುಗಿದು ಎಷ್ಟೋ ವರ್ಷಗಳಾದರೂ ಅದು ಎಚ್ಚರವಾಗಿದೆ, ಹೇಳಿದ ಕೆಲಸ ಮಾಡುತ್ತಿದೆ.

ಅದರ ನೋಟದ ಕಿಂಡಿ ವಿಚಿತ್ರ ಆಕಾರದ್ದು. ಎರಡು ಡಿಗ್ರಿ ಚೌಕದ ಒಂದು ಡಬ್ಬಿ, ಅದಕ್ಕೆ ಹಿಡಿಕೆ ಇಟ್ಟ ಹಾಗೆ ನಾಲ್ಕು ಡಿಗ್ರಿ ಉದ್ದದ, ಒಂದು ಡಿಗ್ರಿಯ ಹತ್ತರಲ್ಲೊಂದು ಅಗಲದ ಸೀಳು. ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ ಅಗಲ. ಈ ಅಳತೆಯ ಕಿಂಡಿಯಿಂದ ಇಡೀ ಆಕಾಶ ನೋಡಬೇಕು. ಗೋಡೆಗೆ ಸುಣ್ಣ ಬಳಿಯುವವರು ಕುಂಚದ ಅಗಲಕ್ಕೆ ಒಂದೊಂದೇ ಪಟ್ಟಿ ಎಳೆದಂತೆ ನೌಕೆಯನ್ನೇ ನಿಧಾನವಾಗಿ ತಿರುಗಿಸಿ ಪಟ್ಟಿ ಪಟ್ಟಿಯಾಗಿ ಬಳಿದರು. ಸೂರ್ಯನ ದಿಕ್ಕನ್ನು ಬಿಡಲೇಬೇಕು, ನೇರ ಬೆಳಕು ಬಿದ್ದರೆ ಉಪಕರಣಕ್ಕೆ ಅಪಾಯ. 2023ರ ಸೆಪ್ಟೆಂಬರ್‌ನಲ್ಲಿ ಹೀಗೆ ಆಕಾಶದ ಬಹುಭಾಗ ಮುಗಿಯಿತು. ಆಗ ನೌಕೆ ಸೂರ್ಯನಿಂದ 56.9 ಖಗೋಳಮಾನ ದೂರದಲ್ಲಿತ್ತು, ಸುಮಾರು 850 ಕೋಟಿ ಕಿಲೋಮೀಟರ್. ಅಲ್ಲಿಂದ ಹೊರಟ ರೇಡಿಯೋ ಸಂಕೇತ ಇಲ್ಲಿಗೆ ತಲುಪಲು ಸುಮಾರು ಎಂಟು ಗಂಟೆ. ದಾವಣಗೆರೆಯಲ್ಲಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಮುಖ ತೊಳೆದು ತಿಂಡಿ ತಿನ್ನುವಷ್ಟು ಹೊತ್ತು, ಅದೂ ಬೆಳಕಿನ ವೇಗದಲ್ಲಿ.

ಬಳಿದ ಪಟ್ಟಿಗಳಲ್ಲಿ ನಕ್ಷತ್ರಗಳ ಬೆಳಕೂ ಸೇರಿರುತ್ತದೆ. ರೋಹಿತಮಾಪಕದ ಲಾಭ ಇಲ್ಲಿ ಗೊತ್ತಾಗುವುದು. ನಕ್ಷತ್ರದ ಬೆಳಕು 121.6ರ ಅಕ್ಕಪಕ್ಕದ ತರಂಗದೂರಗಳಲ್ಲೂ ಇರುತ್ತದೆ, ಹರಡಿದ ಹೈಡ್ರೋಜನ್ ಬೆಳಕು ಇರುವುದಿಲ್ಲ. ಅಕ್ಕಪಕ್ಕದಲ್ಲಿ ಕಂಡಷ್ಟನ್ನು ನಡುವಿನಿಂದ ಕಳೆದರೆ ನಕ್ಷತ್ರಗಳು ಅಳಿಸಿಹೋಗುತ್ತವೆ. ಆಮೇಲೆ ಸೂರ್ಯನ ಮಂಜಿನ ಪಾಲನ್ನು ಮಾದರಿಯಿಂದ ಲೆಕ್ಕ ಹಾಕಿ ಕಳೆಯಬೇಕು. ಕಳೆದ ಮೇಲೆ ಉಳಿದದ್ದು ಸುಮಾರು 50 ರೇಲೀ, ಅತ್ತ ಇತ್ತ 20ರ ಅನಿಶ್ಚಿತತೆಯೊಂದಿಗೆ. ರ‍್ಯಾಂಡಿ ಗ್ಲ್ಯಾಡ್‌ಸ್ಟೋನ್ ಮುಂದಾಳತ್ವದ ತಂಡ 2025ರಲ್ಲಿ ಇದನ್ನು ಪ್ರಕಟಿಸಿತು.

50 ರೇಲೀ ಎಂದರೆ ಎಷ್ಟು ಎಂದು ಕೈಗೆ ಸಿಗುವಂತೆ ಹೇಳಿಬಿಡುತ್ತೇನೆ. ಒಂದು ರೇಲೀ ಹೊಳಪು ಎಲ್ಲ ಕಡೆಯಿಂದಲೂ ಒಂದೇ ಸಮ ಬೀಳುತ್ತಿದ್ದರೆ ಒಂದು ಚದರ ಸೆಂಟಿಮೀಟರ್ ಜಾಗದ ಒಂದು ಮುಖಕ್ಕೆ ಸೆಕೆಂಡಿಗೆ ಎರಡೂವರೆ ಲಕ್ಷ ಫೋಟಾನ್ ಬೀಳುತ್ತವೆ. ಐವತ್ತರಿಂದ ಗುಣಿಸಿ: ಒಂದೂಕಾಲು ಕೋಟಿ. ಹೆಬ್ಬೆರಳಿನ ಉಗುರಿನಷ್ಟು ಜಾಗ ಸಾಕು. ನೀವು ಆ ನೌಕೆಯ ಪಕ್ಕದಲ್ಲಿ ಕೈಚಾಚಿ ನಿಂತರೆ, ಗ್ಯಾಲಕ್ಸಿಯ ಹೈಡ್ರೋಜನ್ ಕಳಿಸಿದ ಇಷ್ಟು ಫೋಟಾನುಗಳು ಪ್ರತಿ ಸೆಕೆಂಡಿಗೆ ನಿಮ್ಮ ಒಂದು ಉಗುರಿನ ಮೇಲೆ ಸುರಿಯುತ್ತವೆ. ಆಕಾಶದಲ್ಲಿ ಕಪ್ಪು ಎನ್ನುವ ಜಾಗವೇ ಇರುವುದಿಲ್ಲ.

ಈಗ ಒಂದೇ ಸಮನೆ ಎಂಬುದರ ಬೆಲೆಗೆ ಬರೋಣ. ಅದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು.

ಈ ಹಿನ್ನೆಲೆ ಬೆಳಕನ್ನು ಮೊದಲು ಹುಡುಕಿದ್ದು ಎರಡು ವಾಯೇಜರ್ ನೌಕೆಗಳು. ರೋಸಿನ್ ಲಾಲಮಾನ್ ಮತ್ತು ಜೊತೆಯವರು 2011ರಲ್ಲಿ ವಾಯೇಜರ್ ದತ್ತಾಂಶದಿಂದ ಆಕಾಶಗಂಗೆಯ ದಿಕ್ಕಿನಲ್ಲಿ 3ರಿಂದ 4 ರೇಲೀಯಷ್ಟು ಹೆಚ್ಚುವರಿ ಲೈಮನ್-ಆಲ್ಫಾ ಗುರುತಿಸಿದರು. ದೊಡ್ಡ ಸಾಧನೆ ಅದು. ಆಮೇಲೆ ನ್ಯೂ ಹೊರೈಜನ್ಸ್ ದೂರ ಹೋದಂತೆಲ್ಲ ಅಳೆಯುತ್ತ ಬಂದಿತು. 2018ರಲ್ಲಿ ಗ್ಲ್ಯಾಡ್‌ಸ್ಟೋನ್ ತಂಡ ಹೇಳಿತು: ಹೊಳಪು ದೂರಕ್ಕೆ ವಿಲೋಮವಾಗಿ ಇಳಿಯುತ್ತಿದೆ ನಿಜ, ಆದರೆ ಜೊತೆಗೆ 40 ರೇಲೀಯಷ್ಟು ಇಳಿಯದ ಒಂದು ಪಾಲು ಇದೆ. ವಾಯೇಜರ್‌ನ ಹಳೆಯ ಅಂಕಿಗಳನ್ನು 2.4ರಿಂದ ಭಾಗಿಸಿದರೆ ಅವೂ ಇದಕ್ಕೆ ಹೊಂದಿಕೊಂಡವು. 2021ರಲ್ಲಿ ಆ ಪಾಲು 43 ರೇಲೀ ಎಂದು ಇನ್ನಷ್ಟು ಗಟ್ಟಿಯಾಯಿತು. 2011ರ ಅಂದಾಜಿನ ಹತ್ತು ಪಟ್ಟಿನಷ್ಟು.

ಎಲ್ಲಿಂದ ಬರುತ್ತಿದೆ ಅದು? ಮೊದಲ ಅನುಮಾನ ಹೋದದ್ದು ಒಂದು ಗೋಡೆಯ ಮೇಲೆ.

ಸೌರಮಾರುತ ಊದಿದ ಗುಳ್ಳೆಯ ಅಂಚು ಸುಮಾರು 120 ಖಗೋಳಮಾನ ದೂರದಲ್ಲಿದೆ. ವಾಯೇಜರ್ 1 ಅದನ್ನು 2012ರ ಆಗಸ್ಟ್‌ನಲ್ಲಿ ದಾಟಿತು, ವಾಯೇಜರ್ 2 2018ರ ನವೆಂಬರ್‌ನಲ್ಲಿ. ಆ ಅಂಚಿನ ಹೊರಗೆ, ಎದುರಿನಿಂದ ಬರುವ ಹೈಡ್ರೋಜನ್ನಿನ ಒಂದು ಪಾಲು ವೇಗ ಕಳೆದುಕೊಂಡು ಬಿಸಿಯಾಗಿ ರಾಶಿ ಬೀಳುತ್ತದೆ. ಜಾತ್ರೆಯ ದಿನ ದುರ್ಗದ ಕೋಟೆ ಬಾಗಿಲಿನ ಮುಂದೆ ಜನ ಕಿಕ್ಕಿರಿಯುವ ಹಾಗೆ. ಇದಕ್ಕೆ ಹೈಡ್ರೋಜನ್ ಗೋಡೆ ಎಂದು ಹೆಸರು. ಇದು ಬರೀ ಊಹೆಯಲ್ಲ. 1996ರಲ್ಲಿ ಲಿನ್ಸ್‌ಕಿ ಮತ್ತು ವುಡ್ ಹಬಲ್‌ನಿಂದ ಆಲ್ಫಾ ಸೆಂಟಾರಿ ನಕ್ಷತ್ರದ ಬೆಳಕನ್ನು ನೋಡಿ, ಆ ಬೆಳಕಿನಲ್ಲಿ ಈ ಗೋಡೆ ಹೀರಿಕೊಂಡ ಗುರುತನ್ನು ಕಂಡಿದ್ದರು. ಗೋಡೆ ಇದೆ. ಅದೇ ಹೊಳೆಯುತ್ತಿರಬಹುದೇ ಎಂಬುದು ಪ್ರಶ್ನೆ.

ಒಂದು ದಿಕ್ಕಿಗೆ ನೋಡಿ ಇದನ್ನು ತೀರ್ಮಾನಿಸಲಾಗದು. ಅದಕ್ಕೇ ಇಡೀ ಆಕಾಶದ ನಕ್ಷೆ ಬೇಕಾದದ್ದು. ಬೆಳಕು ಗೋಡೆಯದಾಗಿದ್ದರೆ ಗಾಳಿ ಎದುರಾಗುವ ದಿಕ್ಕಿನಲ್ಲಿ ನಕ್ಷೆ ಉಜ್ವಲವಾಗಿರಬೇಕು, ಬೆನ್ನಿನ ದಿಕ್ಕಿನಲ್ಲಿ ಮಂಕಾಗಿರಬೇಕು. ಹತ್ತಿರದ ಅಂತರತಾರಾ ಮೋಡಗಳದಾಗಿದ್ದರೆ ಆ ಮೋಡಗಳ ಆಕಾರ ನಕ್ಷೆಯಲ್ಲಿ ಮೂಡಬೇಕು. ತಂಡ ಎರಡನ್ನೂ ಹೋಲಿಸಿ ನೋಡಿತು. ಗೋಡೆಯ ಆಕಾರಕ್ಕೂ ಹೊಂದಲಿಲ್ಲ, ಮೋಡಗಳ ಆಕಾರಕ್ಕೂ ಹೊಂದಲಿಲ್ಲ. ಬೆಳಕು ಎಲ್ಲ ಕಡೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಹತ್ತಿರದ ಅನುಮಾನಿತರಿಬ್ಬರನ್ನೂ ಒಂದೇ ಏಟಿಗೆ ಪಕ್ಕಕ್ಕೆ ಸರಿಸಿತು ಆ ಸಪ್ಪೆ ನಕ್ಷೆ. ಇನ್ನು ಮೂಲ ಇದ್ದರೆ ಅದಕ್ಕಿಂತ ದೂರದ್ದು, ನಮ್ಮನ್ನು ಎಲ್ಲ ಕಡೆಯಿಂದ ಸುತ್ತುವರಿದದ್ದು ಆಗಿರಬೇಕು.

ಅಂಥದೊಂದು ಇದೆ. ನಮ್ಮ ಸೌರಮಂಡಲ ಸುಮಾರು ಸಾವಿರ ಜ್ಯೋತಿರ್ವರ್ಷ ಅಗಲದ ಒಂದು ದೊಡ್ಡ ಪೊಳ್ಳಿನ ಒಳಗಿದೆ. ಸುಮಾರು 1 ಕೋಟಿ 40 ಲಕ್ಷ ವರ್ಷಗಳ ಹಿಂದೆ ಶುರುವಾಗಿ ಒಂದರ ಹಿಂದೊಂದು ನಕ್ಷತ್ರಗಳು ಸೂಪರ್‌ನೋವಾ ಆಗಿ ಸಿಡಿದು, ಅನಿಲವನ್ನು ಹೊರಕ್ಕೆ ತಳ್ಳಿ ಇದನ್ನು ಕೆತ್ತಿದವು. ಒಳಗೆ ಹತ್ತು ಲಕ್ಷ ಡಿಗ್ರಿ ಬಿಸಿಯ, ತೀರ ತೆಳು ಅನಿಲ. ಅಂಚಿನಲ್ಲಿ ತಳ್ಳಿಸಿಕೊಂಡು ಒತ್ತಾದ ತಣ್ಣನೆಯ ಹೈಡ್ರೋಜನ್. ಸ್ಥಳೀಯ ಬಿಸಿ ಗುಳ್ಳೆ ಎನ್ನುತ್ತಾರೆ. ಸೂರ್ಯ ಅದರೊಳಗೆ ಆಮೇಲೆ ಬಂದು ಸೇರಿದವನು.

ದುರ್ಗದ ಕೋಟೆ ನೋಡಿದವರಿಗೆ ತಂಡ ಮುಂದಿಟ್ಟಿರುವ ವಿವರಣೆ ಬೇಗ ಅರ್ಥವಾಗುತ್ತದೆ. ಕೋಟೆಯೊಳಗೆ ಅಲ್ಲೊಂದು ಇಲ್ಲೊಂದು ದೊಡ್ಡ ಪಂಜು ಹೊತ್ತಿಸಿ ಇಟ್ಟಿದ್ದಾರೆ ಎನ್ನಿ. ನಡುವಿನ ಬಯಲು ಖಾಲಿ, ಬೆಳಕಿಗೆ ಅಡ್ಡವಿಲ್ಲ. ಅದು ನೇರ ಹೋಗಿ ಸುತ್ತಣ ಕಲ್ಲುಗೋಡೆಗಳ ಒಳಮೈಗೆ ಬೀಳುತ್ತದೆ, ಗೋಡೆಗಳು ಹೊಳೆಯುತ್ತವೆ. ಇಲ್ಲಿ ಪಂಜುಗಳೆಂದರೆ ಗುಳ್ಳೆಯೊಳಗಿನ ಬಿಸಿಯಾದ ಎಳೆಯ ನಕ್ಷತ್ರಗಳು. ಅವುಗಳ ತೀಕ್ಷ್ಣ ಅತಿನೇರಳೆ ಬೆಳಕು, 91.2 ನ್ಯಾನೋಮೀಟರಿಗಿಂತ ಚಿಕ್ಕ ತರಂಗದೂರದ್ದು, ಗುಳ್ಳೆಯ ಗೋಡೆಯ ಹೈಡ್ರೋಜನ್ನಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುತ್ತದೆ. ಕಿತ್ತ ಎಲೆಕ್ಟ್ರಾನ್ ಮತ್ತೆ ಯಾವುದೋ ಪ್ರೋಟಾನಿಗೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಬಂದು, ಮೂರರಲ್ಲಿ ಸುಮಾರು ಎರಡು ಸಲ ಕೊನೆಗೆ ಲೈಮನ್-ಆಲ್ಫಾವಾಗಿ ಹೊರಬೀಳುತ್ತದೆ. ನಿಮ್ಮ ಡಿಸ್ಚಾರ್ಜ್ ಟ್ಯೂಬಿನಲ್ಲಿ ವಿದ್ಯುತ್ತು ಮಾಡುವ ಕೆಲಸವನ್ನು ಅಲ್ಲಿ ನಕ್ಷತ್ರದ ಬೆಳಕು ಮಾಡುತ್ತದೆ.

ಹುಟ್ಟಿದ ಫೋಟಾನ್ ನೇರವಾಗಿ ಓಡಿಹೋಗುವುದಿಲ್ಲ. ಲೈಮನ್-ಆಲ್ಫಾವನ್ನು ಹೈಡ್ರೋಜನ್ ಬಹಳ ಚೆನ್ನಾಗಿ ಹಿಡಿಯುತ್ತದೆ, ಹಿಡಿದ ಕ್ಷಣವೇ ಬೇರೆ ದಿಕ್ಕಿಗೆ ಬಿಡುತ್ತದೆ. ಈ ಗುಳ್ಳೆಯೊಳಗೇ ಇರುವ, ನಮ್ಮ ಸುತ್ತಲಿನ ಸಣ್ಣ ಮೋಡದಲ್ಲಿ ಒಂದು ಘನ ಸೆಂಟಿಮೀಟರಿಗೆ ಪರಮಾಣು 0.2ರಷ್ಟು, ಅಂದರೆ ಐದು ಘನ ಸೆಂಟಿಮೀಟರಿಗೆ ಒಂದು. ಇಲ್ಲಿನ ಯಾವ ನಿರ್ವಾತ ಪಂಪಿಗೂ ಸಾಧ್ಯವಾಗದಷ್ಟು ಖಾಲಿ. ಆದರೂ ಈ ಗೆರೆಯ ನಟ್ಟನಡುವಿನ ಫೋಟಾನ್ ಒಂದು, ಸೂರ್ಯನಿಂದ ಗುರುಗ್ರಹದವರೆಗಿನ ದೂರದಷ್ಟು ಹೋಗುವುದರಲ್ಲಿ ಒಂದು ಪರಮಾಣುವಿನ ಕೈಗೆ ಸಿಕ್ಕಿರುತ್ತದೆ. ನಕ್ಷತ್ರಗಳ ನಡುವಿನ ದೂರಕ್ಕೆ ಹೋಲಿಸಿದರೆ ಅದು ಒಂದು ಹೆಜ್ಜೆಯೂ ಅಲ್ಲ. ಹೀಗೆ ಪುಟಿದು ಪುಟಿದು ಬೆಳಕು ಗುಳ್ಳೆಯೊಳಗೇ ಸುಳಿಯುತ್ತ ದಟ್ಟವಾಗುತ್ತದೆ. ಹೊಳಪು ಹೆಚ್ಚಾಗಿರುವುದಕ್ಕೂ ಇದೇ ಕಾರಣವಿರಬೇಕು ಎನ್ನುತ್ತದೆ ತಂಡ. ದಿಕ್ಕಿನ ಗುರುತೆಲ್ಲ ಅಳಿದು ಒಂದೇ ಸಮ ಕಾಣುವುದೂ ಹೀಗೆ ಎಂದು ನನಗೆ ಅನಿಸುತ್ತದೆ.

ಇದು ಇನ್ನೂ ಪ್ರಸ್ತಾಪ, ಸಾಬೀತಾದ ಮಾತಲ್ಲ. ಅದನ್ನು ತಂಡವೇ ಸ್ಪಷ್ಟವಾಗಿ ಬರೆದಿದೆ. ಗುಳ್ಳೆಯ ನಿಜವಾದ ಓರೆಕೋರೆ ಆಕಾರ ಇಟ್ಟುಕೊಂಡು ಮೂರು ಆಯಾಮಗಳಲ್ಲಿ ಫೋಟಾನುಗಳ ಪ್ರಯಾಣವನ್ನು ಗಣಕದಲ್ಲಿ ನಡೆಸಿ ನೋಡಬೇಕು. ಆಲಿಸ್‌ಗೆ ಗೆರೆಯ ಒಟ್ಟು ಹೊಳಪು ಕಾಣುತ್ತದೆ, ಗೆರೆಯ ಆಕಾರ ಬಿಡಿಸಿ ಕಾಣುವುದಿಲ್ಲ. ಆಕಾರ ಕಂಡರೆ ಡಾಪ್ಲರ್ ಪಲ್ಲಟದಿಂದ (ಮೂಲದ ವೇಗಕ್ಕೆ ತಕ್ಕಂತೆ ತರಂಗದೂರ ಸರಿಯುವುದರಿಂದ) ಯಾವ ಪಾಲು ಯಾವ ವೇಗದ ಹೈಡ್ರೋಜನ್ನಿನದು ಎಂದು ಬೇರ್ಪಡಿಸಬಹುದು. ಅಂಥ ಉಪಕರಣ ಹೊತ್ತ ನೌಕೆ ಸೌರಮಂಡಲದ ಅಂಚಿಗೆ ಹೋಗುವುದನ್ನು ನನ್ನ ಜೀವಿತಕಾಲದಲ್ಲಿ ನೋಡುವ ಆಸೆ ಇದೆ. ಸದ್ಯಕ್ಕೆ ಅಷ್ಟು ದೂರದಲ್ಲಿ ಕಣ್ಣು ತೆರೆದಿರುವುದು ಆಲಿಸ್ ಒಂದೇ. ವಾಯೇಜರ್ 1ರ ಅತಿನೇರಳೆ ಉಪಕರಣವನ್ನು ವಿದ್ಯುತ್ ಉಳಿಸಲು 2016ರಲ್ಲಿ ಆರಿಸಿದರು. ಆಲಿಸ್‌ನಿಂದ ಇದೇ ನಕ್ಷೆಯನ್ನು ಇನ್ನೊಮ್ಮೆ ತೆಗೆದು ಎರಡನ್ನೂ ಸೇರಿಸಿದರೆ ವಿವರ ಹೆಚ್ಚುತ್ತದೆ ಎಂಬ ಯೋಚನೆ ತಂಡಕ್ಕಿದೆ. ಹಣ, ವಿದ್ಯುತ್ತು, ಸಮಯ ಒದಗಬೇಕು. ಒದಗಲಿ ಎಂದು ಮನಸಾರೆ ಬಯಸುತ್ತೇನೆ. ಮತ್ತೊಂದು ನೌಕೆಯನ್ನು ಆ ಜಾಗಕ್ಕೆ ಕಳಿಸಲು ಇನ್ನೊಂದು ಹದಿನೇಳು ಹದಿನೆಂಟು ವರ್ಷ ಬೇಕು.

ನಮ್ಮವರಿಗೂ ಈ ಕೆಲಸಕ್ಕೂ ಸಂಬಂಧವೇನು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಜಯಂತ್ ಮೂರ್ತಿ ಅವರು ವಾಯೇಜರ್‌ನ ಹದಿನೇಳು ವರ್ಷಗಳ ದತ್ತಾಂಶ ಜಾಲಾಡಿ ಆಕಾಶದ ಅತಿನೇರಳೆ ಹಿನ್ನೆಲೆಯನ್ನು ಅಳೆದವರು. ಆಲಿಸ್ ದತ್ತಾಂಶದಿಂದಲೂ ಲೈಮನ್-ಆಲ್ಫಾಕ್ಕಿಂತ ಚಿಕ್ಕ ತರಂಗದೂರಗಳ ಹಿನ್ನೆಲೆ ಬೆಳಕಿನ ಮೇಲೆ ಕೆಲಸ ಮಾಡಿದ್ದಾರೆ. ಒಂದು ಕ್ಷುದ್ರಗ್ರಹಕ್ಕೆ ಅವರ ಹೆಸರಿದೆ. ನ್ಯೂ ಹೊರೈಜನ್ಸ್ ದತ್ತಾಂಶ ನಾಸಾದ ಗ್ರಹವಿಜ್ಞಾನ ಭಂಡಾರದಲ್ಲಿ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ನಿಮಗೆ ಪೈಥಾನ್ ಬರುತ್ತದೆ ಎಂದರೆ ದಾವಣಗೆರೆಯ ಮನೆಯಲ್ಲೇ ಕೂತು ಆಲಿಸ್‌ನ ಒಂದು ರೋಹಿತವನ್ನು ತೆರೆದು 121.6ರ ಗೆರೆಯನ್ನು ಪರದೆಯ ಮೇಲೆ ಎಳೆಯಬಹುದು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಯಾಕೆ ಆರಿಸಿಕೊಳ್ಳಬಾರದು?

ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಆ ಪಂಜುಗಳಲ್ಲಿ ಒಂದನ್ನು ನೀವೇ ನೋಡಬಹುದು. ಫೆಬ್ರುವರಿ ಮಧ್ಯದಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಊರಿನ ದೀಪಗಳಿಂದ ಸ್ವಲ್ಪ ಆಚೆ, ಬಾತಿ ಕಡೆಗೋ ಆನಗೋಡಿನ ಕಡೆಗೋ ಹೋಗಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ಇಡೀ ಆಕಾಶದಲ್ಲೇ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ ಕಾಣುತ್ತದೆ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹತ್ತು ಡಿಗ್ರಿ. ಲುಬ್ಧಕದಿಂದ ಕೆಳಕ್ಕೆ ಮುಷ್ಟಿಗಿಂತ ತುಸು ಹೆಚ್ಚು ಇಳಿದರೆ ನೀಲಿಛಾಯೆಯ ಒಂದು ಬಿಳಿ ನಕ್ಷತ್ರ ಸಿಗುತ್ತದೆ. ಅದರ ಹೆಸರು ಅಧಾರಾ. ಸುಮಾರು 400 ಜ್ಯೋತಿರ್ವರ್ಷ ದೂರ, ಮೇಲ್ಮೈ ಬಿಸಿ ಇಪ್ಪತ್ತು ಸಾವಿರ ಡಿಗ್ರಿಗೂ ಹೆಚ್ಚು. ಆ ದಿಕ್ಕಿನಲ್ಲಿ ಹೈಡ್ರೋಜನ್ ತೀರ ವಿರಳ, ಕೋಟೆಗೋಡೆಯಲ್ಲಿ ಬಿಟ್ಟ ಕಿಂಡಿಯ ಹಾಗೆ. ಅದರಿಂದಾಗಿ ಅದರ ತೀಕ್ಷ್ಣ ಅತಿನೇರಳೆ ಬೆಳಕು ದಾರಿಯಲ್ಲಿ ಹೆಚ್ಚು ಸೋರದೆ ನಮ್ಮ ಸುತ್ತಮುತ್ತಲಿಗೆ ತಲುಪುತ್ತದೆ. ಆ ತರಂಗದೂರಗಳಲ್ಲಿ ನೋಡುವ ಕಣ್ಣಿದ್ದರೆ ಸೂರ್ಯನನ್ನು ಬಿಟ್ಟು ಅತಿ ಪ್ರಕಾಶದ ನಕ್ಷತ್ರ ಲುಬ್ಧಕ ಅಲ್ಲ, ಇದು. ಲುಬ್ಧಕದ ಪಶ್ಚಿಮಕ್ಕೆ ಅರ್ಧ ಮುಷ್ಟಿ ದೂರದಲ್ಲಿ ಮಿರ್ಜಾಮ್ ಇದೆ, ಅದೂ ಇದೇ ಜಾತಿಯದು. ಮೊದಲು ಅಧಾರಾ ಹುಡುಕಿ, ಆಮೇಲೆ ಅದನ್ನು.